ಹುಬ್ಬು ಎತ್ತಬೇಡಿ

ಸಂಜೆ ಐದೂಮುಕ್ಕಾಲಿಗೆ, ಮೇಕಪ್ ಮಾಡುವವರು ಚಹಾ ಕುಡಿಯಲು ಕೆಳಗಿಳಿದು ಹೋದ ಮೇಲೆ, ಅವಳು ಕೈ, ಮುಖ ತೊಳೆದುಕೊಂಡಳು. ನೀರು ಸುಣ್ಣ ಕದಡಿದ ಹಾಗೆ ಬಿಳಿಚಾಗಿ ಬೇಸಿನ್ನಿನ ತೂತಿನ ಸುತ್ತ ತಿರುಗಿ ಇಳಿಯಿತು. ಕೆನ್ನೆಯದು ಬೇಗ ಬಿಟ್ಟಿತು; ಹಣೆಯದು ಬಿಡಲಿಲ್ಲ, ಉಗುರು ತಾಗಿಸಿದರೆ ಹಳೆಯ ಗೋಡೆಯ ಬಣ್ಣದ ಹಾಗೆ ಹಕ್ಕಳೆಯಾಗಿ ಎದ್ದಿತು. ಆರೂವರೆಯ ವಾರ್ತೆಯಲ್ಲಿ, ಪರದೆಯ ಕೆಳಮೂಲೆಯ ಅಂಗೈಯಗಲದ ಚೌಕದೊಳಗೆ ನಿಂತು, ವಾಚಕ ಓದಿದ್ದನ್ನೆಲ್ಲ ಕಿವಿ ಕೇಳದವರಿಗಾಗಿ ಸಂಜ್ಞಾಭಾಷೆಯಲ್ಲಿ ಹೇಳುವುದು ಅವಳ ಕೆಲಸ. ಇವತ್ತೂ ಸರಿಹೋಗದಿದ್ದರೆ ಮುಂದಿನ ವಾರದಿಂದ ಆ ಚೌಕದಲ್ಲಿ ಬೇರೊಬ್ಬರು ನಿಲ್ಲುತ್ತಾರೆ ಎಂದು ಸುದ್ದಿ ವಿಭಾಗದ ಮುಖ್ಯಸ್ಥರು ಬೆಳಗ್ಗೆಯೇ ಹೇಳಿದ್ದರು. ಗದರಿ ಹೇಳಿರಲಿಲ್ಲ. ಪೆನ್ನಿನ ಮುಚ್ಚಳ ಹಾಕುತ್ತ, ಬೇಜಾರು ಮಾಡ್ಕೋಬೇಡಿ ಅಂದಿದ್ದರು. ಗದರಿದ್ದರೆ ಉತ್ತರಿಸಬಹುದಿತ್ತು ಎಂದು ಅವಳಿಗೆ ಮೆಟ್ಟಿಲಿಳಿಯುವಾಗ ಅನ್ನಿಸಿತ್ತು.

ಅವಳು ನಲ್ಲಿ ನಿಲ್ಲಿಸಿ ಕನ್ನಡಿ ನೋಡಿದಳು. ಕನ್ನಡಿಯ ಸುತ್ತ ಬಲ್ಬುಗಳು, ಒಂದು ಕೆಟ್ಟಿದೆ. ಹನಿ ಇಳಿಯುತ್ತಿದ್ದ ಮುಖ ಕಪ್ಪಾಗಿತ್ತು. ಒದ್ದೆಯಾದ್ದರಿಂದ ಇನ್ನಷ್ಟು ಕಪ್ಪಾಗಿ, ಮೂಗಿನ ಮೇಲೆ, ಹುಬ್ಬಿನ ಮೂಳೆಯ ಮೇಲೆ ಬೆಳಕು ಕೂತಿತ್ತು. ಈ ಕೋಣೆಯಲ್ಲಿ ತನ್ನ ಮುಖವನ್ನು ಹೀಗೆ ಎಂದೂ ನೋಡಿರಲಿಲ್ಲ. ಬಂದ ತಕ್ಷಣ ಕುರ್ಚಿ, ಕೊರಳಿಗೆ ಟವೆಲ್, ಕಣ್ಣು ಮುಚ್ಚು, ಸ್ಪಂಜಿನ ತಣ್ಣನೆಯ ಒತ್ತು. ಕಣ್ಣು ತೆರೆದಾಗ ಕನ್ನಡಿಯಲ್ಲಿ ಇರುತ್ತಿದ್ದವಳು ಅವಳ ದೂರದ ಸಂಬಂಧಿಯ ಹಾಗಿರುತ್ತಿದ್ದಳು, ಸ್ವಲ್ಪ ಕಾಯಿಲೆ ಬಿದ್ದು ಎದ್ದವಳು. ಚಿಕ್ಕಂದಿನಲ್ಲಿ ಫೋಟೋ ಸ್ಟುಡಿಯೋದ ಹೊರಗಿನ ಬೆಂಚಿನ ಮೇಲೆ ಅಮ್ಮ ಅವಳ ಗಲ್ಲ ಹಿಡಿದು ಪೌಡರ್ ಹಚ್ಚುತ್ತಿದ್ದಾಗಲೂ ಹೀಗೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಅಕ್ಕನಿಗೆ ಮೊದಲು, ಆಮೇಲೆ ಅವಳಿಗೆ. ಫೋಟೋ ಬಂದಾಗ ಇಬ್ಬರ ಮುಖವೂ ಬೂದಿ ಬಳಿದ ಹಾಗಿತ್ತು. ಕಿವಿ, ಕುತ್ತಿಗೆ, ಕೈಗಳು ಬೇರೆ ಯಾರದೋ ಎಂಬಂತೆ ಕಪ್ಪಾಗಿದ್ದವು. ನೋಡಲು ಬಂದಿದ್ದ ಅತ್ತೆ, "ಇಬ್ಬರೂ ಲಕ್ಷಣವಾಗಿದಾರೆ ಕಣೆ, ಬಣ್ಣ ಒಂದು..." ಎಂದು ಅಷ್ಟಕ್ಕೇ ನಿಲ್ಲಿಸಿದ್ದಳು. ಅತ್ತೆ ಆ ವಾಕ್ಯವನ್ನು ಒಮ್ಮೆಯೂ ಮುಗಿಸಿದ್ದಿಲ್ಲ. ಅಕ್ಕನಿಗೆ ಹುಟ್ಟಿನಿಂದ ಕಿವಿ ಕೇಳದು. ಅಂತಹ ಮಾತುಗಳಿಂದ ಅವಳಾದರೂ ಪಾರಾದಳಲ್ಲ ಎಂದು ತಂಗಿ ಬಹಳ ವರ್ಷ ಅಂದುಕೊಂಡಿದ್ದಳು, ಮತ್ತು ಅದಕ್ಕಾಗಿ ಒಳಗೊಳಗೇ ಸ್ವಲ್ಪ ಹೊಟ್ಟೆಕಿಚ್ಚೂ ಪಟ್ಟಿದ್ದಳು.

ಒಂದು ತಿಂಗಳ ಹಿಂದೆ ಕಿವಿ ಕೇಳದವರ ಸಂಘದಿಂದ ಇಬ್ಬರು ಬಂದಿದ್ದರು. ಮುಖ್ಯಸ್ಥರ ಕೋಣೆಯಲ್ಲಿ ಅವರ ಕೈಮಾತನ್ನು ಬಾಯಿಮಾತು ಮಾಡಿ ಹೇಳಲು ಅವಳನ್ನೇ ಕರೆದಿದ್ದರು. ಕಟ್ಟಡದಲ್ಲಿ ಅದು ಗೊತ್ತಿದ್ದವಳು ಅವಳೊಬ್ಬಳೇ. ತನ್ನ ಮೇಲಿನ ದೂರನ್ನು ತಾನೇ ಗಟ್ಟಿಯಾಗಿ ಹೇಳಬೇಕಾಗಿತ್ತು. ಸಂಘದ ಹಿರಿಯ, ತಪ್ಪು ತಿಳಿಯಬೇಡ ಎಂದು ಮೊದಲು ಅವಳಿಗೆ ಸನ್ನೆ ಮಾಡಿ, ಆಮೇಲೆ ಮುಖ್ಯಸ್ಥರ ಕಡೆ ತಿರುಗಿ, ಇವರ ಕೈ ಚೆನ್ನಾಗಿದೆ, ಮುಖದಿಂದ ಮಾತ್ರ ನಮಗೆ ಏನೂ ಸಿಗುತ್ತಿಲ್ಲ ಅಂದರು. ಅವಳು ಅದನ್ನು ಸರಿಯಾಗಿಯೇ ಹೇಳಿದಳು. ಮುಖ್ಯಸ್ಥರು ಅವಳ ಮುಖ ನೋಡಿದರು. "ಕಾಣಲ್ಲ ಅಂತಾರಾ? ಅದಕ್ಕೇನು, ಮೇಕಪ್ ಸ್ವಲ್ಪ ಜಾಸ್ತಿ ಮಾಡ್ಸೋಣ," ಎಂದರು. ಹಾಗಲ್ಲ ಸಾರ್, ಎಂದು ಅವಳು ಹೇಳಬಹುದಿತ್ತು. ಕೈ ಹೇಳುವುದು ಬರೀ ಸುದ್ದಿ. ಅದು ದೊಡ್ಡದೋ ಚಿಕ್ಕದೋ, ಹೆದರಬೇಕೋ ಬೇಡವೋ ಎಂಬುದನ್ನೆಲ್ಲ ಮುಖವೇ ಹೇಳಬೇಕು, ಅವರು ಕೇಳುತ್ತಿರುವುದು ಅದನ್ನು, ಎಂದು ವಿವರಿಸಬಹುದಿತ್ತು. ಹೇಳಲಿಲ್ಲ. ಬಣ್ಣದ ದೂರು ಅವಳಿಗೆ ಹಳೆಯದು, ಹೊತ್ತು ಅಭ್ಯಾಸವಾಗಿತ್ತು. ಕೆಲಸದ ದೂರು ಹೊಸದು. ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ಒಂದು ಕ್ಷಣದ ಮಟ್ಟಿಗೆ ಸಿಕ್ಕಿತು, ಅವಳು ಹಳೆಯದನ್ನು ಆರಿಸಿಕೊಂಡು, ಆಯ್ತು ಸಾರ್ ಅಂದಳು. ಸಂಘದವರಿಗೆ ಕೈಯಲ್ಲಿ, ಸರಿಮಾಡುತ್ತಾರಂತೆ, ಎಂದಳು. ಅದೂ ಸುಳ್ಳಲ್ಲ.

ಅಂದಿನಿಂದ ಪದರ ದಪ್ಪವಾಯಿತು. ಮೇಕಪ್ ಮಾಡುವವರನ್ನು ಇಡೀ ಕಚೇರಿ ಪೌಡರ್ ಮಾವ ಎಂದೇ ಕರೆಯುವುದು. ಅವರ ಪೆಟ್ಟಿಗೆಯಲ್ಲಿ ಇರುವುದು ಮೂರು ಶೇಡು. ಮೂರರಲ್ಲಿ ಗಾಢವಾದದ್ದೂ ಅವಳ ಮೊಣಕೈಯ ಒಳಬದಿಗಿಂತ ಬಿಳುಪು. ಅದನ್ನೇ ಅವರು ಶ್ರದ್ಧೆಯಿಂದ ಒಂದರ ಮೇಲೊಂದು ಹಚ್ಚಿದರು. ಮೇಲೆ ಪೌಡರು. ಮುಖಕ್ಕೂ ಕೈಗೂ ಹೊಂದಿಕೆಯಾಗಲಿಲ್ಲವೆಂದು ಕೈಗೂ ಹಚ್ಚಿದರು. ಮೊದಲ ದಿನ ವಾರ್ತೆ ಮುಗಿದಾಗ ಕಚೇರಿಯ ಕಪ್ಪು ಕೋಟಿನ ಎದೆಯ ಮೇಲೆ ಅವಳದೇ ಬೆರಳ ಗುರುತುಗಳು ಬಿಳಿಯಾಗಿ ಮೂಡಿದ್ದವು, ಯಾರೋ ಸಣ್ಣ ಮಗು ಹಿಟ್ಟಿನ ಕೈಯಲ್ಲಿ ಹಿಡಿದುಕೊಂಡ ಹಾಗೆ. ಕ್ಯಾಮೆರಾದವನು ನಕ್ಕ, ಅವಳೂ ನಕ್ಕಳು. ಹಣೆಯ ಮೇಲಿನ ಪದರ ದೀಪದ ಬಿಸಿಗೆ ಒಣಗಿ, ಹುಬ್ಬು ಮೇಲೇರಿದರೆ ಗೆರೆಗೆರೆಯಾಗಿ ಬಿರಿಯುತ್ತಿತ್ತು. "ಹುಬ್ಬು ಎತ್ತಬೇಡಮ್ಮ," ಎಂದು ಪೌಡರ್ ಮಾವ ದಿನಾ ಹೇಳತೊಡಗಿದರು, "ಕೆನ್ನೆ ಉಬ್ಬಿಸಬೇಡ, ಕಷ್ಟಪಟ್ಟು ಕೂರ್ಸಿದೀನಿ." ಅವಳು ಎತ್ತಲಿಲ್ಲ, ಉಬ್ಬಿಸಲಿಲ್ಲ. ತುಂಬಿದ ಲೋಟ ಹಿಡಿದು ನಡೆಯುವವರಂತೆ ಮುಖವನ್ನು ಹಿಡಿದುಕೊಂಡು ಕೈ ಮಾತ್ರ ಆಡಿಸಿದಳು. ಬಿರುಗಾಳಿಯ ಮುನ್ನೆಚ್ಚರಿಕೆ ಬಂದ ಸಂಜೆಯೂ ಹಾಗೆಯೇ. ಗಾಳಿ, ಮಳೆ, ನಾಳೆ: ಕೈ ಅಷ್ಟನ್ನೂ ಹೇಳಿತು, ಮುಖ ಸುಮ್ಮನಿತ್ತು. ಕೇಳದವರು ಅದನ್ನು ತುಂತುರು ಮಳೆಯ ಸುದ್ದಿ ಎಂದು ಓದಿಕೊಂಡರು. ಅವರಲ್ಲಿ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕ ಮಾರುವ ಒಬ್ಬ, ಎಂದಿನಂತೆ ಬರೀ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ ಮನೆಗೆ ಹೋಗಿದ್ದ. ನಿನ್ನೆ ಅವನು ಕಳುಹಿಸಿದ ವಿಡಿಯೋವನ್ನೂ ಮುಖ್ಯಸ್ಥರಿಗೆ ಅವಳೇ ಹೇಳಬೇಕಾಯಿತು. ಪರದೆಯಲ್ಲಿ ಅವನು ನೀರು ಕುಡಿದು ಉಬ್ಬಿದ ಒಂದು ಪುಸ್ತಕ ಎತ್ತಿ ತೋರಿಸಿ, ಪುಟ ಬಿಡಿಸಲು ನೋಡಿ, ಕೆಳಗಿಟ್ಟ. ಆ ಹೆಂಗಸು ಬಿರುಗಾಳಿಯನ್ನು ಬಸ್ಸಿನ ವೇಳಾಪಟ್ಟಿಯ ಹಾಗೆ ಹೇಳಿದಳು, ಅಂದ. ಅವಳು ಅದನ್ನು ಬಾಯಿಬಿಟ್ಟು ಹೇಳಿದಳು, ಒಂದು ಪದವನ್ನೂ ಬಿಡದೆ. ಕೊನೆಯಲ್ಲಿ ಮುಖ್ಯಸ್ಥರು ನೀರಿನ ಲೋಟವನ್ನು ಅವಳ ಕಡೆ ಸರಿಸಿದರು.

ನಿನ್ನೆ ರಾತ್ರಿ ಅವಳು ಮನೆಗೆ ಬಂದಾಗ ಅಕ್ಕ ಕಚೇರಿಯ ಬಟ್ಟೆಯಲ್ಲೇ ಸೋಫಾದ ಮೇಲೆ ಕಾಲು ಚಾಚಿ ಕೂತಿದ್ದಳು. ಅಕ್ಕ ಒಬ್ಬ ಎಂಜಿನಿಯರರ ಕಚೇರಿಯಲ್ಲಿ ಕಟ್ಟಡಗಳ ನಕ್ಷೆ ಬಿಡಿಸುತ್ತಾಳೆ. ಇವಳಷ್ಟೇ ಕಪ್ಪು, ಇವಳಿಗಿಂತ ಒಂದು ಕೈ ಮೇಲೆ ಎಂದು ಅಕ್ಕನೇ ಹೇಳಿಕೊಳ್ಳುವುದು. ದಿನಾ ಸಂಜೆ ಅಕ್ಕ ವಾರ್ತೆ ನೋಡುತ್ತಿದ್ದಳು, ದಿನಾ ಹೆಬ್ಬೆರಳೆತ್ತಿ ಚೆನ್ನಾಗಿತ್ತು ಅನ್ನುತ್ತಿದ್ದಳು. ಇವಳು ಚಪ್ಪಲಿಯನ್ನೂ ಬಿಡದೆ ಎದುರಿಗೆ ನಿಂತು ಕೈಯಲ್ಲಿ ಕೇಳಿದಳು: ನಿಜ ಹೇಳು, ನಂದು ನಿಂಗೆ ಅರ್ಥ ಆಗುತ್ತಾ? ಅಕ್ಕ ಚಾಚಿದ್ದ ಕಾಲು ಮಡಚಿ ಕೂತಳು. ಆಮೇಲೆ ಹೇಳಿದಳು: ಮೊದಲೂ ಅರ್ಧಂಬರ್ಧ, ಒಂದು ತಿಂಗಳಿಂದ ಏನೂ ಇಲ್ಲ. ಬೆಳಗ್ಗೆ ಪೇಪರ್ ಓದ್ಕೋತೀನಿ.

ಮತ್ತೆ ಯಾಕೆ ಹೇಳ್ಲಿಲ್ಲ?

ನೀನು ಖುಷಿಯಾಗಿದೀಯ ಅಂದ್ಕೊಂಡೆ. ಬೆಳ್ಳಗಾಗಿದ್ದೆಯಲ್ಲ.

ಚುಚ್ಚಿ ಹೇಳಿದ್ದಲ್ಲ, ಅದಕ್ಕೇ ಹೆಚ್ಚು ಚುಚ್ಚಿತು. ಅವಳು ಸೋಫಾದ ಅಂಚಿನಲ್ಲಿ ಕೂತಳು. ನಿಂಗೇನು, ಕೇಳಿಸಿಕೊಳ್ಳದೆ ಬೆಳೆದೆ, ಅತ್ತೆಯ ಮಾತು ನಿನ್ನ ಕಿವಿಗೆ ಬಿದ್ದಿದ್ದರೆ ಗೊತ್ತಾಗುತ್ತಿತ್ತು ಎಂದು, ಇಷ್ಟು ವರ್ಷ ಇಟ್ಟುಕೊಂಡಿದ್ದನ್ನು ಸಿಟ್ಟಿನಲ್ಲಿ ಕೈ ಬೀಸಿ ಹೇಳಿಬಿಟ್ಟಳು. ಅಕ್ಕ ಕಣ್ಣು ಅಗಲಿಸಿ ನೋಡಿ, ಎದ್ದು ನಿಂತು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಂತೆ ಮಾಡಿ, ತಲೆ ಒಂದು ಕಡೆ ವಾಲಿಸಿ, ತುಟಿ ಮುಂದೆ ಮಾಡಿ, ಆ ಅರ್ಧ ವಾಕ್ಯವನ್ನು ಸದ್ದಿಲ್ಲದೆ ಆಡಿ ತೋರಿಸಿದಳು. ಅತ್ತೆಯೇ ಬಂದು ನಿಂತ ಹಾಗಿತ್ತು. ಮಾತು ನಿಲ್ಲಿಸಿದ ಮೇಲೆ ಅತ್ತೆ ಬಿಡುತ್ತಿದ್ದ ಆ ಉಸಿರು ಕೂಡ. ಆ ಮಾತಿಗೆ ತುಟಿ ಹೇಗೆ ಹೋಗುತ್ತೆ ಅಂತ ನಂಗೆ ಐದನೇ ವರ್ಷಕ್ಕೇ ಗೊತ್ತಿತ್ತು ಕಣೆ, ಎಂದು ಅಕ್ಕ ಹೇಳಿದಳು. ನೀನು ಅತ್ತೆಯ ಮಾತೊಂದನ್ನೇ ಕೇಳಿಸ್ಕೊಂಡೆ. ನಂಗೆ ರೂಮಿನಲ್ಲಿರೋರ ಮುಖ ಎಲ್ಲಾ ಕಾಣ್ತಿತ್ತು. ಅಷ್ಟು ಹೇಳಿ ಅಕ್ಕ ನಕ್ಕಳು, ಆ ಒಡಕು ಗಂಟಲಿನ, ಅವಳಿಗೇ ಕೇಳಿಸದ ನಗೆ. ಇವಳಿಗೂ ನಗು ಬಂತು, ನಗುತ್ತಿರುವಾಗಲೇ ಕಣ್ಣಲ್ಲಿ ನೀರು ಬಂತು, ಹಣೆಯ ಮೇಲಿನ ಪದರ ಬಿರಿಯಿತು. ಅಕ್ಕ ಬೆರಳಿನಿಂದ ಅದರ ಒಂದು ಚೂರು ಎಬ್ಬಿಸಿ ಬೆಳಕಿಗೆ ಹಿಡಿದು ನೋಡಿ, ಇದನ್ನ ನಮ್ಮ ಆಫೀಸಲ್ಲಿ ಪ್ಲಾಸ್ಟರಿಂಗ್ ಅಂತೀವಿ, ಅಂದಳು.

ಅಕ್ಕನ ಬೆಳಗಿನ ಮೇಕಪ್ಪು ಚಹಾ ಕುದಿಯುವಷ್ಟರಲ್ಲಿ ಮುಗಿಯುತ್ತದೆ. ದಿನಾ ನೋಡಿಯೂ ಇವಳು ಅದನ್ನು ಮೇಕಪ್ಪು ಎಂದು ಲೆಕ್ಕಕ್ಕೆ ಹಿಡಿದಿರಲಿಲ್ಲ. ಅಕ್ಕನ ಮುಖವೇ ಹಾಗೆ ಅಂದುಕೊಂಡಿದ್ದಳು. ಇವತ್ತು ಬೆಳಗ್ಗೆ, ಕಿಟಕಿಯ ಹತ್ತಿರ, ಅಕ್ಕ ಅವಳನ್ನು ಕೂರಿಸಿಕೊಂಡಳು. ಕ್ರೀಮನ್ನು ಮಣಿಕಟ್ಟಿನ ಮೇಲೆ ನೋಡಬೇಡ, ದವಡೆಯ ಮೇಲೆ ನೋಡು, ಹಗಲು ಬೆಳಕಲ್ಲಿ ನೋಡು, ಹಚ್ಚಿದ್ದು ಎಲ್ಲಿದೆ ಅಂತ ಕಾಣದಿದ್ದರೆ ಅದು ನಿಂದು. ಅಂಗಡಿಯಲ್ಲಿ ಸಿಗುವ ಅತಿ ಗಾಢವಾದ ಅಗ್ಗದ ಕ್ರೀಮೂ ಒಂದು ಚೂರು ಬಿಳುಪೇ. ಅದಕ್ಕೆ ಗಾಢ ಕಂದು ಬಣ್ಣದ್ದು ಒಂದು ಬೊಟ್ಟು ಬೆರೆಸಬೇಕು. ಮುಖಕ್ಕೆಲ್ಲ ಬೇಡ, ಮೂಗಿನ ಪಕ್ಕ, ಬಾಯಿಯ ಸುತ್ತ, ಬಣ್ಣ ಏರುಪೇರಾದ ಕಡೆ ಮಾತ್ರ. ಕಣ್ಣ ಕೆಳಗಿನ ಕಪ್ಪಿಗೆ ಬಿಳುಪು ಹಚ್ಚಿದರೆ ಬೂದು ಬರುತ್ತೆ, ಇಟ್ಟಿಗೆ ಕೆಂಪು ಲಿಪ್‌ಸ್ಟಿಕ್ ಒಂದು ಚುಕ್ಕೆ ತಟ್ಟು, ಅದರ ಮೇಲೆ ಕ್ರೀಮು. ಅದೇ ಲಿಪ್‌ಸ್ಟಿಕ್ ತುಟಿಗೆ, ಬೆರಳಲ್ಲಿ ಉಳಿದದ್ದು ಕೆನ್ನೆಗೆ. ಪೌಡರ್ ಬೇಡವೇ ಬೇಡ, ಎಣ್ಣೆ ಬಿಟ್ಟರೆ ಟಿಶ್ಯೂ ಒತ್ತಿ ತೆಗೆ. ಅಕ್ಕ ಹೇಳುತ್ತಿದ್ದುದು ಕೈಯಲ್ಲಿ, ಹಚ್ಚುತ್ತಿದ್ದುದೂ ಅದೇ ಕೈಯಲ್ಲಿ. ಹಾಗಾಗಿ ಹೇಳುವಾಗ ಹಚ್ಚುವುದು ನಿಲ್ಲುತ್ತಿತ್ತು, ಹಚ್ಚುವಾಗ ಮಾತು ನಿಲ್ಲುತ್ತಿತ್ತು, ಚಹಾ ಉಕ್ಕಿ ಒಲೆಯ ಮೇಲೆ ಹರಿಯಿತು.

ಕೆಲಸಕ್ಕೆ ಬರುವ ದಾರಿಯಲ್ಲಿ ಬಸ್ ನಿಲ್ದಾಣದ ಎದುರಿನ ಫ್ಯಾನ್ಸಿ ಅಂಗಡಿಗೆ ಹೋಗಿದ್ದಳು. ಮಾರುವ ಹುಡುಗಿ ಅವಳ ಮುಖ ನೋಡಿದವಳೇ, ಕೇಳುವ ಮೊದಲೇ, ಒಂದು ಬಿಳುಪಿನ ಕ್ರೀಮು ಇಳಿಸಿದಳು. "ಇದು ತಗೊಳ್ಳಿ ಮೇಡಂ, ಎರಡೇ ವಾರದಲ್ಲಿ ಗೊತ್ತಾಗುತ್ತೆ."

"ಏನು ಗೊತ್ತಾಗುತ್ತೆ?"

ಹುಡುಗಿ ತಬ್ಬಿಬ್ಬಾದಳು. ಅವಳೂ ಕಪ್ಪು, ಕುತ್ತಿಗೆಯವರೆಗೆ ಬಿಳುಪು, ಅಲ್ಲಿಂದ ಕೆಳಗೆ ಅವಳು. "ಅಲ್ಲ ಮೇಡಂ, ಎಲ್ರೂ ಇದನ್ನೇ ಕೇಳ್ತಾರೆ ಅಂತ." ಇವಳು ತನಗೆ ಬೇಕಾದ ಎರಡು ಟ್ಯೂಬು, ಲಿಪ್‌ಸ್ಟಿಕ್, ಕಪ್ಪುಗಂದು ಹುಬ್ಬಿನ ಪೆನ್ಸಿಲ್ ಹೇಳಿದಾಗ, ಹುಡುಗಿ ಟ್ಯೂಬುಗಳಿಗಾಗಿ ಸ್ಟೂಲು ಹತ್ತಿ ಮೇಲಿನ ಗೂಡಿನ ಹಿಂದೆ ಕೈ ಹಾಕಬೇಕಾಯಿತು. ಡಬ್ಬಿಯ ಮೇಲೆ ಧೂಳಿತ್ತು. ಬಾಗಿಲಿನ ಬೆಳಕಿಗೆ ಹೋಗಿ ದವಡೆಯ ಮೇಲೆ ಹಚ್ಚಿ ನೋಡುವಾಗ ಬಸ್ಸಿಗೆ ಕಾಯುತ್ತಿದ್ದವರೆಲ್ಲ ನೋಡುತ್ತಿದ್ದಾರೆ ಎನ್ನಿಸಿ ಬೆವರಿದಳು. ತಿರುಗಿದರೆ ಹುಡುಗಿ ಅವಳ ಬೆನ್ನ ಹಿಂದೆಯೇ ನಿಂತಿದ್ದಳು. "ಎಲ್ಲೋಯ್ತು ಮೇಡಂ ಅದು?" ಎಂದು ಹುಡುಗಿ ಅವಳ ದವಡೆಯನ್ನು ಹುಡುಕಿದಳು.

ಈಗ, ಕೆಟ್ಟ ಬಲ್ಬಿನ ಕನ್ನಡಿಯ ಮುಂದೆ, ಅದೇ ಸಾಮಾನು ಮೇಜಿನ ಮೇಲೆ. ಬೆಳಗ್ಗೆ ಅಕ್ಕ ಮಾಡಿದ್ದು ಮಧ್ಯಾಹ್ನದ ಬಿಸಿಲಿಗೆ ಅಳಿಸಿಹೋಗಿತ್ತು. ಪೌಡರ್ ಮಾವ ಕುರ್ಚಿ ತೋರಿಸಿದಾಗ ಬೇಡ ಅನ್ನುವ ಧೈರ್ಯ ಬಾರದೆ ಕೂತು ಹಚ್ಚಿಸಿಕೊಂಡಿದ್ದಳು. ಅವರು ಹೋದ ಮೇಲೆ ಧೈರ್ಯ ಬಂತು. ಇನ್ನೊಬ್ಬರ ಬೆನ್ನು ತಿರುಗಿದ ಮೇಲೇ ತನಗೆ ಯಾವಾಗಲೂ ಧೈರ್ಯ ಬರುವುದು ಎಂದುಕೊಳ್ಳುತ್ತ ಕಣ್ಣ ಕೆಳಗೆ ಕೆಂಪು ಚುಕ್ಕೆ ಇಟ್ಟಳು. ಬಾಗಿಲು ತೆರೆಯಿತು.

"ಅಯ್ಯೋ ರಾಮ, ಇದೇನಮ್ಮ. ಅರ್ಧ ಗಂಟೆ ಕೆಲಸ ನೀರಲ್ಲಿ ಹೋಯ್ತಲ್ಲ."

"ಬೈಬೇಡಿ ಮಾವ."

"ನಾನೆಲ್ಲಿ ಬೈದೆ? ಬೈಸ್ಕೊಳ್ಳೋನು ನಾನು. ಕಣ್ಣ ಕೆಳಗೆ ಅದೇನು, ಲಿಪ್‌ಸ್ಟಿಕ್ಕಾ? ಎಲ್ಲೋ ಒದೆ ತಿಂದು ಬಂದ ಹಾಗಿದೀಯ."

"ತಾಳಿ. ಮೇಲೆ ಕ್ರೀಮು ಬೀಳ್ಲಿ."

ಅವರು ಹೋಗಲಿಲ್ಲ, ಕೂರಲೂ ಇಲ್ಲ. ಕನ್ನಡಿಯಲ್ಲಿ ಅವಳ ಭುಜದ ಮೇಲಿಂದ ಅವರ ಮುಖ ಕಾಣುತ್ತಿತ್ತು; ಅದೂ ಅವಳಷ್ಟೇ ಕಪ್ಪು, ಮೀಸೆಗೆ ಮಾತ್ರ ಬಣ್ಣ. ಅವಳು ಬೆರಳ ತುದಿಯಿಂದ ತಟ್ಟುತ್ತ ಹೋದಂತೆ ಕೆಂಪು ಆರಿತು, ಅದರ ಜೊತೆಗೆ ಕಣ್ಣ ಕೆಳಗಿನ ದಣಿವೂ ಆರಿತು. ಹುಬ್ಬಿಗೆ ಪೆನ್ಸಿಲ್ಲಿನ ಸಣ್ಣ ಸಣ್ಣ ಗೆರೆ. ಎಡ ಹುಬ್ಬು ಒಂದಿಷ್ಟು ಉದ್ದವಾಯಿತು. ಪೌಡರ್ ಮಾವ ಹತ್ತಿ ಸುತ್ತಿದ ಕಡ್ಡಿಯೊಂದನ್ನು ಮುಂದೆ ಹಿಡಿದರು. ಅವಳು ತೆಗೆದುಕೊಂಡು ತಿದ್ದಿದಳು.

"ಮಾವ, ಈಗ ನೋಡಿ," ಎಂದು ತಿರುಗಿ, ಬಿರುಗಾಳಿ ಎಂದು ಕೈಯಲ್ಲಿ ಹೇಳಿದಳು. ಹುಬ್ಬು ಏರಿತು, ಕೆನ್ನೆ ಉಬ್ಬಿತು, ಕಣ್ಣು ಕಿರಿದಾಯಿತು. ಆಮೇಲೆ ತುಂತುರು ಮಳೆ ಎಂದಳು. ಮುಖವೆಲ್ಲ ಸಡಿಲವಾಯಿತು, ತುಟಿ ಸಣ್ಣದಾಯಿತು. ಎಲ್ಲೂ ಬಿರಿಯಲಿಲ್ಲ. ಬಿರಿಯಲು ಅಲ್ಲಿ ಏನೂ ಇರಲಿಲ್ಲ.

ಅವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಇದೆಲ್ಲಾ ಮುಖದಲ್ಲಿ ಹೇಳೋದಾ?"

"ಅರ್ಧಕ್ಕರ್ಧ."

"ನಂಗೇನು ಗೊತ್ತಮ್ಮ. ನಾನು ಎತ್ತಬೇಡ ಎತ್ತಬೇಡ ಅಂತಿದ್ದೆ." ಪೆಟ್ಟಿಗೆಯ ಮುಚ್ಚಳ ತೆರೆದು ಮುಚ್ಚಿದರು. "ಇದರಲ್ಲಿ ನಿನ್ನ ಬಣ್ಣ ಇಲ್ಲ. ಯಾವತ್ತೂ ಇರ್ಲಿಲ್ಲ. ತರ್ಸಿ ಅಂತ ನಾನೂ ಕೇಳ್ಲಿಲ್ಲ, ನಮ್ಮಂಥೋರು ಇಲ್ಲಿ ಯಾರು ಬರ್ತಾರೆ ಅಂತ." ಆಮೇಲೆ ಹ್ಯಾಂಗರಿನಿಂದ ಕಪ್ಪು ಕೋಟು ತೆಗೆದು ಅವಳ ಮುಂದೆ ಹಿಡಿದು ನೋಡಿ, ತಾವೇ ವಾಪಸು ತೂಗುಹಾಕಿದರು. "ಇದೂ ಬೇಡ. ಕೋಟಲ್ಲಿ ಕೈ ಎಲ್ಲಿ ಕಾಣುತ್ತೆ. ನಿನ್ನ ಅಂಗಿನೇ ಇರ್ಲಿ." ಅವಳು ಹಾಕಿಕೊಂಡು ಬಂದಿದ್ದುದು ತಿಳಿನೀಲಿ ಅಂಗಿ. ಮುಂಗೈ ಅದರ ಮೇಲೆ ಬರೆದ ಹಾಗೆ ಕಾಣುತ್ತಿತ್ತು.

ಆರೂವರೆ. ಕೆಂಪು ದೀಪ ಹತ್ತಿತು. ವಾಚಕ ಮೊದಲು ಓದಿದ್ದು ಬೆಂಕಿಯ ಸುದ್ದಿ: ಮಾರುಕಟ್ಟೆಯ ಹಿಂದಿನ ಗೋದಾಮಿನಲ್ಲಿ ಮಧ್ಯಾಹ್ನ ಬೆಂಕಿ ಹೊತ್ತಿಕೊಂಡಿತ್ತು, ಸಣ್ಣ ಬೆಂಕಿ, ಆರಿಸಲಾಗಿದೆ, ಯಾರಿಗೂ ಗಾಯವಾಗಿಲ್ಲ, ಅಕ್ಕಪಕ್ಕದ ಕಚೇರಿಗಳು ನಾಳೆ ತೆರೆದಿರುತ್ತವೆ. ಅಕ್ಕನ ಕಚೇರಿ ಅಲ್ಲಿಗೆ ಎರಡನೇ ಬೀದಿ. ಅಕ್ಕ ಮಧ್ಯಾಹ್ನ ಹೊಗೆ ನೋಡಿ ಮನೆಗೆ ಹೊರಟಿರುವುದಾಗಿ ಮೆಸೇಜು ಮಾಡಿದ್ದಳು, ಅದಕ್ಕಿಂತ ಹೆಚ್ಚೇನೂ ಇವಳಿಗೆ ಗೊತ್ತಿರಲಿಲ್ಲ. ಕೈ ಬೆಂಕಿ ಎಂದಿತು, ಮುಖ ಸಣ್ಣದು ಎಂದಿತು. ಆರಿಸಲಾಗಿದೆ ಎನ್ನುವಾಗ ಹುಬ್ಬು ತಾನಾಗಿಯೇ ಇಳಿಯಿತು, ಭುಜ ಇಳಿಯಿತು, ಬಾಯಿಂದ ಉಸಿರು ಹೊರಬಿತ್ತು. ಅದು ಸುದ್ದಿಗೆ ಬೇಕಾದ ಉಸಿರೋ ತನ್ನದೋ ಎಂದು ಅವಳಿಗೆ ತಿಳಿಯಲಿಲ್ಲ. ತಿಂಗಳಿಂದ ಹೊತ್ತ ಲೋಟ ಎಲ್ಲೋ ಕೆಳಗಿಟ್ಟ ಹಾಗೆ ಮುಖ ಹಗುರವಾಗಿತ್ತು. ಆಮೇಲಿನ ಸುದ್ದಿಗಳು ಒಂದಾದ ಮೇಲೊಂದು ಬಂದವು, ಅವಳ ಮುಖದ ಮೇಲೆ ಹಾದು ಹೋದವು. ಮಧ್ಯದಲ್ಲೊಮ್ಮೆ ಮೂಗಿನ ಮೇಲೆ ಬೆವರು ಮಿನುಗಿತು. ಮಿನುಗಲಿ ಎಂದು ಬಿಟ್ಟಳು.

ವಾರ್ತೆ ಮುಗಿದಾಗ ಮುಖ್ಯಸ್ಥರು ಮಾನಿಟರಿನ ಮುಂದೆಯೇ ನಿಂತಿದ್ದರು. ಹೊಗಳುವುದು ಅವರ ಅಭ್ಯಾಸದಲ್ಲಿಲ್ಲ. "ಬೆಂಕಿ ಸುದ್ದಿ ನನಗೇ ಸೌಂಡಿಲ್ಲದೆ ಅರ್ಥ ಆಯ್ತು," ಎಂದರು. ಅವಳು ಇನ್ನೂ ಅವರ ಬಾಯಿಯನ್ನೇ ನೋಡುತ್ತ ನಿಂತದ್ದಕ್ಕೆ, "ನಾಳೆ ಸ್ವಲ್ಪ ಬೇಗ ಬನ್ನಿ. ವಾರ್ತೆ ಆದ್ಮೇಲೆ ಬರೋ ಹವಾಮಾನದ್ದೂ ಇನ್ಮೇಲೆ ನೀವೇ ಮಾಡ್ಬೇಕು," ಎಂದು ಸೇರಿಸಿದರು. ಅಂದಿನ ದೂರಿನ ವಿಷಯ ಹೇಳಲು ಅವಳು ಬಾಯಿ ತೆರೆದಳು. "ಸಾರ್, ಅವತ್ತು ಸಂಘದೋರು ಹೇಳಿದ್ದು ಬಣ್ಣದ ವಿಷಯ ಅಲ್ಲ. ನಾನು ಸರಿಯಾಗಿ ಬಿಡಿಸಿ ಹೇಳ್ಬೇಕಿತ್ತು."

"ಗೊತ್ತಾಯ್ತು ಬಿಡಿ," ಎಂದು ಅವರು ಹೊರಟರು. ಬಾಗಿಲಲ್ಲಿ ನಿಂತು, "ನಾನೂ ಕೇಳ್ಬೇಕಿತ್ತು," ಅಂದರು.

ಮೇಕಪ್ ಕೋಣೆಯಲ್ಲಿ ಫೋನು ಮಿನುಗುತ್ತಿತ್ತು. ಅಕ್ಕನ ಮೆಸೇಜು: ಎಲ್ಲಾ ಅರ್ಥ ಆಯ್ತು. ಅಂದ್ರೆ ನಾಳೆ ಆಫೀಸಿದೆ. ಛೆ.

ಮಾರನೆಯ ಬೆಳಗ್ಗೆ ಅಕ್ಕ ಎಂದಿನ ಬಸ್ಸು ಹತ್ತಿ ಕೆಲಸಕ್ಕೆ ಹೋದಳು.